ಅತ್ತೆ, ಮಾವ ಮತ್ತು ಮಾನವಶಾಸ್ತ್ರ

ನಮ್ಮ ಅಕ್ಕನ ಮಗಳು ದೆಹಲಿಯಲ್ಲಿ ನಮ್ಮ ಮನೆಯಲ್ಲಿಯೇ ಇದ್ದು ಓದುತ್ತಾಳೆ. ಹೋದ ವರ್ಷ ಹನ್ನೆರಡನೆಯ ತರಗತಿ ಮುಗಿಸಿದವಳೇ ಮಾನವಶಾಸ್ತ್ರದ ಬಿ.ಎಸ್‌ಸಿ. ಆನರ್ಸಿಗೆ ಸೇರುವೆನೆಂದು ಹಟ ಹಿಡಿದಳು. ಊರಿನಿಂದ ಭಾವನವರು ಫೋನು ಮಾಡಿ, “ಎಲುಬು ಎಣಿಸುವ ಓದಿಗೆ ದುಡ್ಡು ಕಳಿಸಬೇಕೇ? ನೀವು ವಿಚಾರಿಸಿ ಹೇಳಿ, ನೀವು ಹೇಳಿದಂತೆ ಆಗಲಿ” ಎಂದರು. ಹೊಣೆ ನಮ್ಮ ತಲೆಗೆ ಬಿದ್ದಿತು. ನಿಜ ಹೇಳಬೇಕೆಂದರೆ ನಮಗೂ ಬಿ.ಕಾಂ. ಮೇಲೆಯೇ ಕಣ್ಣಿದ್ದಿತು.

ವಿಚಾರಿಸಿದೆವು. ಎಲುಬು ಉಂಟು, ಸುಳ್ಳಲ್ಲ. ರಕ್ತದ ಗುಂಪು, ಅನುವಂಶೀಯತೆ, ಶಿಲಾಯುಗದ ಕಲ್ಲಿನ ಆಯುಧಗಳೂ ಉಂಟು. ಜೊತೆಗೆ ಮದುವೆ, ನಂಟು, ದೇವರು, ದುಡಿಮೆಗಳನ್ನು ಜನರ ನಡುವೆಯೇ ಇದ್ದು ತಿಳಿಯುವ ಕ್ಷೇತ್ರಕಾರ್ಯವೂ ಉಂಟು.

ಮೈಸೂರಿನ ಎಂ. ಎನ್. ಶ್ರೀನಿವಾಸರು ಹೀಗೆಯೇ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನೆಲೆಸಿ ಬರೆದುಕೊಂಡರು. ಮುಂದೆ 1959ರಲ್ಲಿ ಇದೇ ದೆಹಲಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಬೆಂಕಿ ಬಿದ್ದು, ಆ ಹಳ್ಳಿಯನ್ನು ಕುರಿತು ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪನ್ನೇ ಆಧಾರವಾಗಿ ಹಿಡಿದು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದಿತು. ಒಂದು ಕಡತ ಕಳೆದರೆ ಕಂಗಾಲಾಗುವ ನಮ್ಮಂತಹ ಗುಮಾಸ್ತರಿಗೆ ಈ ಮಾತು ಎದೆಗೆ ನಾಟಿತು.

ಇನ್ನು ಅನ್ನದ ಮಾತು. ಮೊದಲ ಪದವಿಯೊಂದನ್ನೇ ಹಿಡಿದು ಹೊರಟರೆ ‘ಮಾನವಶಾಸ್ತ್ರಜ್ಞರು ಬೇಕಾಗಿದ್ದಾರೆ’ ಎಂಬ ಜಾಹೀರಾತು ಕಾಣುವುದು ಅಪರೂಪ, ಎಂ.ಎಸ್‌ಸಿ. ಆಗಲೇಬೇಕು. ಆಮೇಲೆ 1945ರಲ್ಲಿ ಸ್ಥಾಪನೆಯಾದ ಭಾರತೀಯ ಮಾನವವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದೆ. ಕೇಂದ್ರ ಕಚೇರಿ ಕೋಲ್ಕತ್ತದಲ್ಲಿ, ಒಂದು ಶಾಖೆ ನಮ್ಮ ಮೈಸೂರಿನಲ್ಲಿಯೇ. ವಸ್ತುಸಂಗ್ರಹಾಲಯ, ಸಾರ್ವಜನಿಕ ಆರೋಗ್ಯ, ಬುಡಕಟ್ಟು ಕಲ್ಯಾಣ, ಅಪರಾಧ ತನಿಖೆಯ ಪ್ರಯೋಗಾಲಯ, ಗಿರಾಕಿಗಳ ನಡೆನುಡಿ ತಿಳಿಯಬಯಸುವ ಕಂಪನಿಗಳು, ಹೀಗೆ ದಾರಿಗಳುಂಟು, ಆದರೆ ಕಾಯಬೇಕು. ಐ.ಎ.ಎಸ್. ಪರೀಕ್ಷೆಯಲ್ಲಿಯೂ ಇದು 500 ಅಂಕಗಳ ಐಚ್ಛಿಕ ವಿಷಯ. ಆ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುವುದರಿಂದ, ಅದೊಂದನ್ನೇ ನೆಚ್ಚಿ ಇದಕ್ಕೆ ಸೇರುವುದು ಜಾಣತನವಲ್ಲವೆಂದು ನಮ್ಮ ಅಭಿಪ್ರಾಯ.

ಇದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಭಾವನವರಿಗೆ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, “ಎಂ.ಎಸ್‌ಸಿ.ವರೆಗೆ ಹೇಗೋ ನೋಡೋಣ” ಎಂದರು. ಹುಡುಗಿ ಸೇರಿದಳು.

ಮೊನ್ನೆ ಅವಳು ನಮ್ಮ ತಾಯಿಯವರ ಮುಂದೆ ಕಾಗದ ಹರಡಿಕೊಂಡು ವಂಶದ ನಕ್ಷೆ ಬರೆಯತೊಡಗಿದಳು: ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ. ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆಯೇ ಎಂದು ಕೇಳಿ ಪಕ್ಕದ ಮನೆಯಾಕೆ ಬೆರಗಾದರು. ಅವರಲ್ಲಿ ಒಬ್ಬಳು ಬುವಾ, ಒಬ್ಬಳು ಸಾಸ್. ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ನಾಡಿನಲ್ಲಿ ಸೋದರತ್ತೆಯೇ ಅತ್ತೆಯಾಗುವಳಷ್ಟೆ! ಉತ್ತರದ ಬಹುಪಾಲು ಹಿಂದೂ ಕುಟುಂಬಗಳಲ್ಲಿ ಅಂತಹ ಮದುವೆ ಕೂಡದು. ಪುಣೆಯ ಇರಾವತಿ ಕರ್ವೆಯವರು 1953ರಲ್ಲಿಯೇ ಭಾರತದ ನಂಟಸ್ತಿಕೆಯನ್ನು ಕುರಿತ ಗ್ರಂಥದಲ್ಲಿ ಈ ಉತ್ತರ-ದಕ್ಷಿಣ ಭೇದವನ್ನು ವಿಸ್ತಾರವಾಗಿ ವಿವರಿಸಿದ್ದಾರಂತೆ.

ದೆಹಲಿಗೆ ಬಂದಾಗಿನಿಂದ ಮಾತೇ ಕಡಿಮೆಯಾಗಿದ್ದ ತಾಯಿಯವರು ಅಂದು ರಾತ್ರಿ ಒಂಬತ್ತರವರೆಗೂ ಹೇಳುತ್ತಲೇ ಇದ್ದರು. ನಡುವೆ ನಾವೆಂದೂ ಕೇಳದ ಒಂದು ಹೆಸರು ಬಂದಿತು. ಅವರ ಅಕ್ಕನಂತೆ, ಏಳು ವರ್ಷಕ್ಕೇ ತೀರಿಕೊಂಡಳಂತೆ. ಹುಡುಗಿ ಒಂದು ವೃತ್ತ ಬರೆದು, ಅದರ ಮೇಲೆ ಓರೆಗೆರೆ ಎಳೆದು, ಕೆಳಗೆ ಆ ಹೆಸರನ್ನು ಬರೆದಳು.