ಬೆದರಿದ ಇಲಿಯ ಕೇಳಿಸದ ಕೂಗು

ಇಲಿಯ ಕೂಗು ಹೇಗಿರುತ್ತದೆಂದು ಕೇಳಿದರೆ ‘ಕಿಚಕಿಚ’ ಎನ್ನದವರಿಲ್ಲ. ಆದರೆ ಆ ಪ್ರಾಣಿಯ ಅನೇಕ ಕೂಗುಗಳು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಸೆಕೆಂಡಿಗೆ ಸುಮಾರು 20,000 ಕಂಪನಗಳನ್ನು ಮೀರಿದ ಧ್ವನಿ ಮನುಷ್ಯನಿಗೆ ಕೇಳಿಸದು. ಬೆದರಿದ ಇಲಿ ಸುಮಾರು 22,000 ಕಂಪನಗಳಲ್ಲಿ ಕೂಗುತ್ತದೆ. ನಲಿಯುವ ಇಲಿಯ ಧ್ವನಿ 50,000 ಕಂಪನಗಳ ಆಸುಪಾಸಿನದು. ಇವೆರಡೂ ಶ್ರವಣಾತೀತ ಧ್ವನಿಗಳು.

ಈ ಸಂಗತಿಯ ಮಹತ್ವ ನಮಗೆ ತಿಳಿದದ್ದು ಎರಡು ಬಿಳಿ ಇಲಿಗಳನ್ನು ಸಾಕಲು ತಂದ ಮೇಲೆ. ಒಂದು ಎರಡೇ ದಿನಗಳಲ್ಲಿ ನಮ್ಮ ಕೈಯಿಂದ ಬೆಂದ ಬಟಾಣಿ ತಿಂದಿತು. ಇನ್ನೊಂದು ಗೂಡಿನ ಮೂಲೆಯ ಕುಡಿಕೆಯನ್ನು ಬಿಟ್ಟು ಹೊರಬರಲಿಲ್ಲ. ಮುಟ್ಟಲು ಬಿಡದ ಪ್ರಾಣಿಗೆ ಕಾಯಿಲೆ ಬಂದರೆ ಉಪಚರಿಸುವುದು ಹೇಗೆ? ತಾಳ್ಮೆಗೆಟ್ಟು ಮೇಲಿನಿಂದ ಕೈಹಾಕಿ ಹಿಡಿದೆವು. ಅದು ಬೆರಳನ್ನು ಕಚ್ಚಿತು. ತಪ್ಪು ಅದರದಲ್ಲ. ಹದ್ದು, ಗೂಬೆಗಳು ಇಲಿಯ ಮೇಲೆ ಎರಗುವುದು ಹಾಗೆಯೇ ಅಲ್ಲವೆ?

ಇನ್ನೊಂದು ತಪ್ಪು ತಡವಾಗಿ ಹೊಳೆಯಿತು. ಪ್ರತಿ ಸಂಜೆಯೂ ನಾವು ಬೀಗದ ಕೈಗಳ ಗೊಂಚಲನ್ನು ಗೂಡಿನ ಪಕ್ಕದ ಮೇಜಿನ ಮೇಲೆ ಎಸೆಯುತ್ತಿದ್ದೆವು. ಲೋಹದ ತುಂಡುಗಳು ಒಂದಕ್ಕೊಂದು ತಾಗಿದಾಗ ನಮಗೆ ಕೇಳುವ ಸದ್ದಿನೊಡನೆ ಶ್ರವಣಾತೀತ ಧ್ವನಿಯೂ ಹುಟ್ಟುತ್ತದೆ. ನಮ್ಮ ಪಾಲಿಗೆ ಅಲ್ಪವಾದ ಆ ಸದ್ದು ಇಲಿಯ ಪಾಲಿಗೆ ಅಲ್ಪವಾಗಿರಲಿಲ್ಲ.

ಗೂಡನ್ನು ನಿಶ್ಶಬ್ದವಾದ ಕೋಣೆಗೆ ಸಾಗಿಸಿದೆವು. ಇಲಿಯ ದೃಷ್ಟಿ ಮಂದ, ಘ್ರಾಣಶಕ್ತಿ ತೀಕ್ಷ್ಣ. ಆದ್ದರಿಂದ ನಾವು ಉಟ್ಟ ಬಟ್ಟೆಯ ತುಂಡೊಂದನ್ನು ಗೂಡಿನಲ್ಲಿಟ್ಟೆವು. ದಿನವೂ ಅದೇ ಹೊತ್ತಿಗೆ ಹೋಗಿ, ಮೆಲುದನಿಯಲ್ಲಿ ಮಾತನಾಡುತ್ತ, ಚಮಚದಲ್ಲಿ ಸ್ವಲ್ಪ ಮೊಸರನ್ನು ಪಕ್ಕದಿಂದ ಚಾಚಿದೆವು. ಬಟಾಣಿಯನ್ನಾದರೆ ಇಲಿ ಕಸಿದುಕೊಂಡು ಓಡಬಹುದು. ಮೊಸರನ್ನು ನಿಂತೇ ನೆಕ್ಕಬೇಕು. ಆಮೇಲೆ ಚಮಚದ ಬದಲು ಅಂಗೈ. ಅದು ಹಿಂಜರಿದ ದಿನ ನಾವೂ ಹಿಂದೆ ಸರಿದೆವು.

1990ರ ದಶಕದ ಕೊನೆಯಲ್ಲಿ ಅಮೆರಿಕದ ಒಹಾಯೋ ಸಂಸ್ಥಾನದಲ್ಲಿ ಯಾಕ್ ಪ್ಯಾಂಕ್‌ಸೆಪ್ ಮತ್ತು ಸಂಗಡಿಗರು ಇಲಿಮರಿಗಳಿಗೆ ಕಚಗುಳಿಯಿಟ್ಟು, ಉಪಕರಣಗಳ ನೆರವಿನಿಂದ ಅವುಗಳ ದನಿಯನ್ನು ಆಲಿಸಿದರು. ಕೇಳಿಬಂದದ್ದು 50,000 ಕಂಪನಗಳ ಚಿಲಿಪಿಲಿ! ಮರಿಗಳು ಕಚಗುಳಿಯಿಟ್ಟ ಕೈಯನ್ನೇ ಅರಸಿ ಬರುತ್ತಿದ್ದವು.

ಅಂತಹ ಉಪಕರಣ ನಮ್ಮಲ್ಲಿಲ್ಲ. ಇಲಿಯ ಮನಸ್ಸನ್ನು ಅದರ ನಡತೆಯಿಂದಲೇ ಊಹಿಸಬೇಕು. ಐದನೆಯ ವಾರದ ಒಂದು ಸಂಜೆ ಅದು ಕುಡಿಕೆಯಿಂದ ಹೊರಬಂದು ಅಂಗೈಯನ್ನೇರಿತು. ಅಲ್ಲಿಯೇ ಕುಳಿತು, ಮುಂಗಾಲುಗಳಿಂದ ಮೋರೆಯನ್ನು ತೊಳೆದುಕೊಳ್ಳತೊಡಗಿತು. ನಾವು ಕೈಯನ್ನು ಅಲುಗಿಸಲಿಲ್ಲ.