ಬಿಟ್ಟ ಮೂರನೇ ದಿನ

ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಮೂಳೆ ವಾರ್ಡಿಗೆ ಸೇರಿದವನು ಮೊದಲ ದಿನ ಸುಮ್ಮನೆ ಮಲಗಿರುತ್ತಾನೆ. ಎರಡನೇ ದಿನ ಕೈ ನಡುಗುತ್ತದೆ, ಮೈ ಬೆವರುತ್ತದೆ, ಊಟ ಸೇರುವುದಿಲ್ಲ, ರಾತ್ರಿ ನಿದ್ದೆಯಿಲ್ಲ. ಮೂರನೇ ದಿನ ಹಾಸಿಗೆ ಮೇಲೆ ಹುಳ ಹರಿದಾಡುತ್ತಿವೆ ಎಂದು ಹೊದಿಕೆ ಕೊಡವುತ್ತಾನೆ. ಗ್ಲೂಕೋಸ್ ಪೈಪ್ ಕಿತ್ತೆಸೆದು, ಮುರಿದ ಕಾಲಲ್ಲೇ ಎದ್ದು ಹೊರಡಲು ನೋಡುತ್ತಾನೆ. ಗಾಳಿ ಸೋಕಿರಬೇಕು ಎಂದು ಮನೆಯವರು ಯಂತ್ರ ಕಟ್ಟಿಸಲು ಓಡುತ್ತಾರೆ. ಸೇರಿಸುವಾಗ ಡಾಕ್ಟರು ‘ಕುಡೀತಾರಾ?’ ಎಂದು ಕೇಳಿದ್ದರು. ‘ಯಾವಾಗಲೋ ಒಂದ್ಸಲ, ಸ್ವಲ್ಪ’ ಎಂದು ಹೆಂಡತಿ ಮಾನ ಉಳಿಸಿದ್ದರು. ದಿನಕ್ಕೆರಡು ಕ್ವಾರ್ಟರ್‌ನ ಲೆಕ್ಕ ಹೊರಬೀಳುವುದು ಈಗ.

ಅತಿ ಕುಡಿತ ಎಂದ ಕೂಡಲೇ ನಾವು ಲಿವರ್‌ನ ಮಾತೆತ್ತುತ್ತೇವೆ. ಅದು ಸುಳ್ಳೇನಲ್ಲ. ಮೊದಲು ಕೊಬ್ಬು ತುಂಬಿಕೊಳ್ಳುತ್ತದೆ; ಆ ಹಂತದಲ್ಲಿ ಕುಡಿತ ಬಿಟ್ಟರೆ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಬಿಡದಿದ್ದರೆ ಉರಿಯೂತ, ಆಮೇಲೆ ಸಿರೋಸಿಸ್, ಹೊಟ್ಟೆಯಲ್ಲಿ ನೀರು, ರಕ್ತವಾಂತಿ. ಬಾಯಿ, ಗಂಟಲು, ಅನ್ನನಾಳ, ಕರುಳು, ಸ್ತನ ಕ್ಯಾನ್ಸರಿಗೂ ಮದ್ಯಕ್ಕೂ ನಂಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 1988ರಲ್ಲೇ. ಇಷ್ಟನ್ನು ಕುಡಿಯುವವರೂ ಒಪ್ಪುತ್ತಾರೆ. ಮಿದುಳಿನ ಕಥೆ ಮಾತ್ರ ಅವರ ಕಿವಿಗೆ ಬಿದ್ದಿರುವುದಿಲ್ಲ.

ಲೆಕ್ಕ ಹಾಕಿ ನೋಡಿ. 180 ಎಂಎಲ್‌ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಶುದ್ಧ ಮದ್ಯಸಾರವೇ ಸುಮಾರು 60 ಗ್ರಾಂ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಆ ವೇಗ ಹೆಚ್ಚಿಸುವುದಿಲ್ಲ. ಎರಡು ಕ್ವಾರ್ಟರ್ ಇಳಿಯಲು ಹನ್ನೆರಡು ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಮುಂದಿನ ನೈಂಟಿಯ ಹೊತ್ತು. ಹೀಗೆ ವರ್ಷಗಟ್ಟಲೆ ರಕ್ತದಲ್ಲಿ ಮದ್ಯ ಪೂರ್ತಿ ಇಳಿಯದೇ ಬದುಕುವವರಿದ್ದಾರೆ.

ಮದ್ಯ ಮಿದುಳಿನ ಬ್ರೇಕ್ ಒತ್ತುತ್ತದೆ. ಸದಾ ಬ್ರೇಕ್ ಒತ್ತಿದ್ದರೂ ಗಾಡಿ ಓಡಬೇಕಲ್ಲ, ಅದಕ್ಕಾಗಿ ಮಿದುಳು ತಾನೇ ಆಕ್ಸಿಲರೇಟರ್ ಹೆಚ್ಚಿಸಿಕೊಳ್ಳುತ್ತದೆ. ‘ನನಗೆ ಎಷ್ಟು ಹಾಕಿದರೂ ಏರಲ್ಲ’ ಎಂದು ಮೀಸೆ ತಿರುವುವವನ ಒಳಗಿನ ಗುಟ್ಟು ಇದೇ. ಕುಡಿತ ಒಮ್ಮೆಗೇ ನಿಂತಾಗ ಬ್ರೇಕ್ ಬಿಟ್ಟುಹೋಗುತ್ತದೆ, ಆಕ್ಸಿಲರೇಟರ್ ಹಾಗೇ ಇರುತ್ತದೆ. ಕೆಲವೇ ಗಂಟೆಗಳಲ್ಲಿ ನಡುಕ, ಮೊದಲೆರಡು ದಿನಗಳಲ್ಲಿ ಫಿಟ್ಸ್, ಎರಡು ಮೂರು ದಿನಕ್ಕೆ ಮೇಲೆ ಹೇಳಿದ ಭ್ರಮೆ. ಡೆಲಿರಿಯಂ ಟ್ರೆಮೆನ್ಸ್ ಎಂಬ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು.

2020ರ ಲಾಕ್‌ಡೌನ್‌ನಲ್ಲಿ ಇದು ಊರಿಗೆಲ್ಲ ಕಂಡಿತು. ಮಾರ್ಚ್ ಕೊನೆಗೆ ಮುಚ್ಚಿದ ಮದ್ಯದಂಗಡಿ ಕರ್ನಾಟಕದಲ್ಲಿ ಮತ್ತೆ ತೆರೆದದ್ದು ಮೇ 4ಕ್ಕೆ. ಆ ದಿನದ ಕ್ಯೂ ನೋಡಿ ಎಲ್ಲರೂ ನಕ್ಕರು. ಅಂಗಡಿ ಮುಚ್ಚಿದ ಮೊದಲ ವಾರಗಳಲ್ಲಿ ಭ್ರಮೆ, ಫಿಟ್ಸ್‌ ಬಂದವರು ಬೆಂಗಳೂರಿನ ಆಸ್ಪತ್ರೆಗಳಿಗೆ ಹೆಚ್ಚಿಗೆ ಬಂದಿದ್ದರೆಂದು ವೈದ್ಯರು ಬರೆದಿಟ್ಟಿದ್ದಾರೆ. ಅದು ಹೆಚ್ಚು ಸುದ್ದಿಯಾಗಲಿಲ್ಲ.

ಇನ್ನೊಂದು ಏಟು ವಿಟಮಿನ್ ಬಿ1, ಅಂದರೆ ಥಯಮಿನ್ ಕೊರತೆಯದು. ಕುಡುಕ ಸರಿಯಾಗಿ ಉಣ್ಣುವುದಿಲ್ಲ, ಉಂಡದ್ದರಲ್ಲಿನ ಥಯಮಿನ್ ಮೈಗೆ ಹತ್ತುವುದೂ ಇಲ್ಲ. ಅದು ತೀರಾ ಇಳಿದರೆ ಕಣ್ಣುಗುಡ್ಡೆ ಓಲಾಡುತ್ತದೆ, ನಡಿಗೆ ತತ್ತರಿಸುತ್ತದೆ, ಮಾತು ತಪ್ಪುತ್ತದೆ. ‘ಏರಿದೆ, ಮಲಗಿಸಿ’ ಎಂದು ಮನೆಯವರು ಬಿಟ್ಟುಬಿಡುತ್ತಾರೆ. 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದನ್ನು ಗುರುತಿಸಿದ. ತಕ್ಷಣ ಥಯಮಿನ್ ಇಂಜೆಕ್ಷನ್ ಬಿದ್ದರೆ ಮನುಷ್ಯ ಉಳಿಯುತ್ತಾನೆ. ಅದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಪರಿಸ್ಥಿತಿ ಬಿಗಡಾಯಿಸಬಹುದು. ತಡವಾದರೆ ಹೊಸ ನೆನಪೇ ನಿಲ್ಲದ ಕೊರ್ಸಕಾಫ್ ಕಾಯಿಲೆ. ತಿಂಗಳಿಂದ ವಾರ್ಡಿನಲ್ಲೇ ಇರುವ ರೋಗಿಯನ್ನು ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರೆ, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆ ಎಂದಾನು. ಸುಳ್ಳು ಹೇಳುವ ಉದ್ದೇಶ ಅವನಿಗಿರುವುದಿಲ್ಲ. ಖಾಲಿ ಜಾಗವನ್ನು ಮಿದುಳು ತುಂಬಿಕೊಂಡಿರುತ್ತದೆ.

ಮಾಲೆ ಹಾಕಿ, ದೇವರ ಮುಂದೆ ಆಣೆ ಮಾಡಿ, ಶಿಬಿರಕ್ಕೆ ಹೋಗಿ ಕುಡಿತ ಬಿಟ್ಟವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಧರ್ಮಸ್ಥಳದ ಕಡೆಯಿಂದ ನಡೆಯುವ ಮದ್ಯವರ್ಜನ ಶಿಬಿರಗಳು ಎಷ್ಟೋ ಮನೆ ಉಳಿಸಿವೆ. ಛಲ ಬೇಕು, ಜೊತೆಗಾರರೂ ಬೇಕು. ಆದರೆ ಎದ್ದ ಕೂಡಲೇ ಕೈ ನಡುಗಿ ಒಂದು ಗುಟುಕು ಹಾಕಿದರಷ್ಟೇ ನಿಲ್ಲುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಬರೀ ಛಲ ನಂಬಿ ಒಮ್ಮೆಗೇ ನಿಲ್ಲಿಸಬಾರದು. ಅಂಥವರಿಗೆ ಮೊದಲ ವಾರ ವೈದ್ಯರ ನಿಗಾದಲ್ಲಿ ನಡುಕ ತಗ್ಗಿಸುವ ಮಾತ್ರೆ, ಥಯಮಿನ್ ಬೇಕೇ ಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್‌ಗೆ ಹೋಗಿ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಈ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.