ಗಣಿಯ ಕತ್ತಲಲ್ಲಿ ಕಣ್ಣು ನಿಲ್ಲುವ ಬಗೆ

ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ಗೆ ಬಂದಿತ್ತು. ಆದರೂ 2001ರಲ್ಲಿ ಆ ಗಣಿಗಳು ಮುಚ್ಚುವವರೆಗೂ, ಅಲ್ಲಿನ ನಂದಿದುರ್ಗ ಗಣಿಯ ಆಳದಲ್ಲಿ ಬಂಡೆ ಕೊರೆಯುವವನು ತಾನು ಹೊತ್ತೊಯ್ದ ದೀಪವನ್ನೇ ನಂಬಬೇಕಿತ್ತು. ದೀಪ ತಲೆಯ ಟೋಪಿಗೆ ಬಂದ ಮೇಲೆ, ತಲೆ ತಿರುಗಿದ ಕಡೆಗಷ್ಟೇ ಬೆಳಕು. ಅಷ್ಟು ಬೆಳಕಿನಲ್ಲೇ ನೆತ್ತಿಯ ಮೇಲಿನ ಬಂಡೆಯ ಬಿರುಕು ಕಣ್ಣಿಗೆ ಬೀಳಬೇಕಿತ್ತು.

ಆ ಬಿರುಕಿನತ್ತ ನೋಟ ಹೊರಳಿಸಲು ಪ್ರತಿ ಕಣ್ಣಿಗೂ ಆರು ಸ್ನಾಯುಗಳು. ಅವನ್ನು ಆಳುವುದು ಮಿದುಳುಕಾಂಡದಿಂದ ಹೊರಡುವ ಮೂರು ನರಗಳು. ಬಲಕ್ಕೆ ನೋಡಬೇಕೆಂದರೆ ಬಲಗಣ್ಣಿನ ಹೊರಸ್ನಾಯು, ಎಡಗಣ್ಣಿನ ಒಳಸ್ನಾಯು ಎರಡೂ ಒಟ್ಟಿಗೆ ಬಿಗಿಯಬೇಕು, ಅವುಗಳ ಎದುರಾಳಿಗಳು ಅದೇ ಗಳಿಗೆಯಲ್ಲಿ ಸಡಿಲಬೇಕು. ಹೊರಸ್ನಾಯುವಿನ ನರಕೇಂದ್ರದಿಂದ ಆಚೆ ಬದಿಯ ಒಳಸ್ನಾಯುವಿನ ಕೇಂದ್ರಕ್ಕೆ ಹಾಯುವ ನರತಂತುಗಳ ಕಟ್ಟೊಂದು ಇದನ್ನು ಹೊಂದಿಸುತ್ತದೆ. ಆ ಕಟ್ಟಿಗೆ ಪೆಟ್ಟಾದರೆ ಒಂದು ಕಣ್ಣು ಹೊರಳುತ್ತದೆ, ಇನ್ನೊಂದು ಮೂಗಿನ ಕಡೆ ಬರಲಾರದೆ ಹಿಂದುಳಿಯುತ್ತದೆ.

ನನಗೆ ಅತ್ಯಂತ ಬೆರಗು ಹುಟ್ಟಿಸುವುದು ಕಣ್ಣಿನ ಓಟವಲ್ಲ, ನಿಲುಗಡೆ. ಓರೆಗೆ ಹೊರಳಿದ ಗುಡ್ಡೆಯನ್ನು ಸುತ್ತಲಿನ ಅಂಗಾಂಶಗಳು ಎಳೆದ ರಬ್ಬರಿನಂತೆ ನಡುವಿಗೆ ಸೆಳೆಯುತ್ತಲೇ ಇರುತ್ತವೆ. ಅದಕ್ಕೇ ಮಿದುಳು ಎರಡು ಆಜ್ಞೆ ಕೊಡುತ್ತದೆ: ಮೊದಲು ಕಣ್ಣನ್ನು ಚಿಮ್ಮಿಸುವ ಜೋರಾದ, ಕ್ಷಣಿಕ ಸಂಕೇತ, ಬೆನ್ನಿಗೇ ಅದನ್ನು ಅಲ್ಲೇ ಹಿಡಿದಿಡುವ ಸಣ್ಣ, ನಿರಂತರ ಸಂಕೇತ. ಎರಡನೆಯದು ಕತ್ತಲಲ್ಲಿ ನಿಧಾನವಾಗಿ ಸೋರಿಹೋಗುತ್ತದೆ. ದೃಷ್ಟಿ ನೆಡಲು ಏನೂ ಸಿಗದಿದ್ದರೆ ಕಣ್ಣು ಕೆಲವು ಸೆಕೆಂಡುಗಳಲ್ಲೇ ನಡುವಿನತ್ತ ಜಾರತೊಡಗುತ್ತದೆ.

ಟೋಪಿಯ ದೀಪ ಹೊತ್ತವನು ತಲೆ ತಿರುಗಿಸಿದಾಗ ಒಳಗಿವಿಯ ಅರೆವೃತ್ತ ನಾಳಗಳು ಆ ಚಲನೆಯನ್ನು ಅಳೆಯುತ್ತವೆ. ಮೂರೇ ನರಕೋಶಗಳ ಸರಪಳಿ ದಾಟಿ, ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತಿಗೆ ಕಣ್ಣು ಎದುರು ದಿಕ್ಕಿಗೆ ಹೊರಳುತ್ತದೆ. ದೀಪ ಓಲಾಡಿದರೂ ಬಿರುಕು ಕದಲದಂತೆ ಕಾಣುವುದು ಇದರಿಂದಲೇ.

ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ನೋಟವನ್ನು ಹಿಡಿದಿಡುವ ಈ ವ್ಯವಸ್ಥೆ ಕೆಟ್ಟು, ಸಾವಿರಾರು ಕಾರ್ಮಿಕರ ಕಣ್ಣು ತಾನೇ ತಾನಾಗಿ ಅದುರತೊಡಗಿತ್ತು. ಬೆಂಕಿ ಹೊತ್ತುವ ಅನಿಲದ ಭಯದಿಂದ ಅಲ್ಲಿ ಮಂಕಾದ ರಕ್ಷಣಾ ದೀಪವನ್ನೇ ಬಳಸಬೇಕಿತ್ತು. ಕಪ್ಪು ಗೋಡೆಗಳು ಇದ್ದ ಬೆಳಕನ್ನೂ ನುಂಗುತ್ತಿದ್ದವು. ಅಷ್ಟು ಮಂದ ಬೆಳಕಿನಲ್ಲಿ ಅಕ್ಷಿಪಟಲದ ನಡುಭಾಗದ ಶಂಕುಕೋಶಗಳು ಕುರುಡಾಗುತ್ತವೆ, ನೋಟವನ್ನು ನೆಡಲು ಮಿದುಳಿಗೆ ಆಧಾರ ಸಿಗುವುದಿಲ್ಲ. ಚಿನ್ನದಂಥ ಲೋಹದ ಗಣಿಗಳಲ್ಲಿ ಸಾಮಾನ್ಯವಾಗಿ ಆ ಅನಿಲದ ಕಾಟವಿರಲಿಲ್ಲ. ತೆರೆದ ಜ್ವಾಲೆಯ ದೀಪ ಒಯ್ಯಬಹುದಿತ್ತು, ಆ ಕಾಯಿಲೆಯೂ ಅಪರೂಪವಾಗಿತ್ತು. ಕಲ್ಲಿದ್ದಲು ಗಣಿಗಳಲ್ಲೂ ವಿದ್ಯುತ್ ದೀಪಗಳು ಸುಧಾರಿಸಿದಂತೆ ಅದು ಮರೆಯಾಯಿತು.